ದಿವಾನ್ ಅಂದ್ರೆ ಮಂಚಾನಾ, ಮಂತ್ರಿನಾ, ಹುಚ್ಚನಾ?

ಪ್ರಶ್ನೆ: ಸರ್, ಮಗಳು ಸ್ಕೂಲ್ ಪ್ರಾಜೆಕ್ಟಿಗೆ ಅಂತ ದಿವಾನ್ ವಿಶ್ವೇಶ್ವರಯ್ಯನವರ ಬಗ್ಗೆ ಬರೀತಾ ಇದ್ಲು. ಹಾಲಲ್ಲಿರೋ ದಿವಾನ್ ಕಾಟ್ ತೋರ್ಸಿ "ಅವ್ರಿಗೂ ಇದಕ್ಕೂ ಏನಪ್ಪಾ ಸಂಬಂಧ" ಅಂದ್ಲು, ನಂಗೆ ಬಾಯೇ ಬರ್ಲಿಲ್ಲ. ಗಾಲಿಬ್‌ನ ಕವನಗಳ ಪುಸ್ತಕಕ್ಕೂ ದಿವಾನ್ ಅಂತಾರೆ, ಹಿಂದಿ ಹಾಡುಗಳಲ್ಲಿ ದಿವಾನಾ ಬೇರೆ. ವಾಟ್ಸಾಪಲ್ಲಿ ಬಂದ ಮೆಸೇಜ್ ಪ್ರಕಾರ ದಿವಾನ್ ಅಂದ್ರೆ ಮೂಲದಲ್ಲಿ ಹುಚ್ಚ ಅಂತ, ಪರ್ಷಿಯಾದ ಯಾವ್ದೋ ರಾಜ ತನ್ನ ಗುಮಾಸ್ತರನ್ನ ನೋಡಿ ಹಂಗಂದನಂತೆ. ನಿಜಾನಾ? ಇವೆಲ್ಲ ಒಂದೇ ಪದಾನಾ?

ಉತ್ತರ:

ನಿಮ್ಮ ಮಗಳು ಕೇಳಿರೋದು ಚಿಕ್ಕ ಪ್ರಶ್ನೆ ಅಲ್ಲ, ಆದ್ರಿಂದ ಉತ್ತರಾನೂ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡೇ ಓದಿ. ಮೊದಲು ತೀರ್ಪು ಹೇಳಿಬಿಡ್ತೀನಿ. ಮಂತ್ರಿ ದಿವಾನ್, ಮಂಚದ ದಿವಾನ್, ಕವಿಯ ದಿವಾನ್ ಮೂರೂ ಒಂದೇ ಪದ. ದಿವಾನಾ ಮಾತ್ರ ಬೇರೆ ಮನೆಯದು, ಹೆಸರು ಹತ್ರ ಹತ್ರ ಇದೆ ಅಷ್ಟೆ. ಇನ್ನು ನಿಮ್ಮ ವಾಟ್ಸಾಪ್ ಮೆಸೇಜ್ ಸುಳ್ಳು, ಆದ್ರೆ ಅದನ್ನ ಕಳ್ಸಿದವರನ್ನ ಬೈಬೇಡಿ, ಯಾಕಂದ್ರೆ ಆ ಫಾರ್ವರ್ಡ್‌ಗೆ ಆರುನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ.

ಉತ್ತರ ಆಫ್ರಿಕಾದ ಇಬ್ನ್ ಖಲ್ದೂನ್ ಅಂತ ದೊಡ್ಡ ಇತಿಹಾಸಕಾರ ಒಬ್ಬ ಇದ್ದ. ಅವನು 1377ರಲ್ಲಿ ಬರೆದ ಮುಖದ್ದಿಮಾದಲ್ಲಿ ಈ ಕಥೆ ಇದೆ, ಅವನಿಗಿಂತ ಹಿಂದಿನವರೂ ಹೇಳಿದ್ದಾರೆ. ಕಥೆ ಏನಪ್ಪಾ ಅಂದ್ರೆ, ಪರ್ಷಿಯಾದ ರಾಜ ಖುಸ್ರೋ ಒಂದಿನ ಲೆಕ್ಕ ಬರೆಯೋರು ಕೂತಿರೋ ಜಾಗಕ್ಕೆ ಹೋದ, ಅಲ್ಲಿ ಅವರೆಲ್ಲ ತಮ್ಮ ತಮ್ಮೊಳಗೇ ಗುಣುಗುಣು ಅಂತ ಲೆಕ್ಕ ಕೂಡ್ತಾ, ಕಳೀತಾ, ತಾವೇ ಮಾತಾಡ್ಕೊಳ್ತಾ ಕೂತಿದ್ರು, ಅದನ್ನ ನೋಡಿ ರಾಜ "ದೀವಾನೆ" ಅಂದ, ಅಂದ್ರೆ ಇವ್ರಿಗೆಲ್ಲ ಹುಚ್ಚು ಹಿಡಿದಿದೆ ಅಂತ, ಆಮೇಲೆ ಆ ಜಾಗಕ್ಕೇ ಆ ಹೆಸರು ನಿಂತು, ಬಾಯಿಂದ ಬಾಯಿಗೆ ಹೋಗ್ತಾ ಕೊನೇ ಅಕ್ಷರ ಬಿದ್ದು ದೀವಾನ್ ಆಯ್ತು. ಅದೇ ಪುಸ್ತಕದಲ್ಲೇ ಇನ್ನೊಂದು ವರ್ಷನ್ನೂ ಇದೆ: ಪರ್ಷಿಯನ್ನಿನಲ್ಲಿ ದೀವ್ ಅಂದ್ರೆ ಭೂತ, ಪಿಶಾಚಿ, ಬಹುವಚನ ದೀವಾನ್, ಗುಮಾಸ್ತರು ಎಂಥ ಗುಪ್ತ ಲೆಕ್ಕಾನೂ ಪಟಪಟ ಬಿಡಿಸಿಬಿಡೋದ್ರಿಂದ ಅವರನ್ನ ಭೂತಗಳು ಅಂತ ಕರೆದ್ರು ಅಂತ. ಮಾರ್ಚ್ ಕೊನೇ ವಾರ ಯಾವ್ದಾದ್ರೂ ಅಕೌಂಟ್ಸ್ ಸೆಕ್ಷನ್‌ಗೆ ಹೋಗಿ ಬಂದವರಿಗೆ ಎರಡೂ ಕಥೆ ನಿಜ ಅನ್ನಿಸಿದ್ರೆ ತಪ್ಪಿಲ್ಲ.

ಆದ್ರೆ ಇದು ಪದ ಹುಟ್ಟಿದ ಮೇಲೆ ಹೊಲಿದಿರೋ ಕಥೆ. ದೀವಾನಾ ಅನ್ನೋದು ನಿಜಕ್ಕೂ ದೀವ್‌ನಿಂದಲೇ ಬಂದಿರೋದು, ಭೂತ ಮೆಟ್ಟಿದವನು, ನಮ್ಮಲ್ಲಿ ಮೈಮೇಲೆ ಬಂದಿದೆ ಅಂತೀವಲ್ಲ ಹಂಗೆ. ಈ ದೀವ್ ಯಾರು ಗೊತ್ತಾ? ನಮ್ಮ "ದೇವ"ನೇ! ಝರತುಷ್ಟ್ರನ ಧರ್ಮದಲ್ಲಿ, ಅಂದ್ರೆ ಪಾರ್ಸಿಗಳ ಧರ್ಮದಲ್ಲಿ, ಹಳೇ ದೈವಗಳು ಕೆಟ್ಟ ಶಕ್ತಿಗಳಾಗಿ ಹೋದ್ವು, ಅವೆಸ್ತಾ ಭಾಷೆಯ ದಏವ ಅನ್ನೋದಕ್ಕೆ ರಾಕ್ಷಸ ಅಂತ ಅರ್ಥ ಬಂತು. ಕ್ರಿಸ್ತಪೂರ್ವ ಐದನೇ ಶತಮಾನದ ಪರ್ಷಿಯನ್ ಚಕ್ರವರ್ತಿ ಝರ್ಕ್ಸಿಸ್ ತನ್ನ ಶಾಸನದಲ್ಲಿ "ದೈವಗಳ ಗುಡಿ ಕೆಡವಿದೆ" ಅಂತ ಹೆಮ್ಮೆಯಿಂದ ಬರೆಸಿದ್ದಾನೆ, ಅವನ ಬಾಯಲ್ಲಿ ದೈವ ಅಂದ್ರೆ ಪೂಜಿಸಬಾರದ್ದು. ಒಂದೇ ಪದ, ಇಲ್ಲಿ ಕೈ ಮುಗೀತೀವಿ, ಅಲ್ಲಿ ಓಡಿಸ್ತಾರೆ. ಸರಿ, ದಿವಾನಾ ಕಥೆ ಇಲ್ಲಿಗೆ ಬಿಡೋಣ. ಹಾಂ, ಇನ್ಯಾರೋ ಕೇಳ್ತಾರೆ ಅಂತ ಮೊದಲೇ ಹೇಳಿಬಿಡ್ತೀನಿ, ದಿವಾಳಿ ಆಗೋದಕ್ಕೂ ದಿವಾನ್‌ಗೂ ಸಂಬಂಧ ಇಲ್ಲ, ಕೆಲವು ದಿವಾನರ ಕಾಲದಲ್ಲಿ ಖಜಾನೆ ಖಾಲಿ ಆಗಿದ್ರೂನೂ.

ಈಗ ನಿಜವಾದ ದಿವಾನ್‌ಗೆ ಬರೋಣ. ಇಸ್ಲಾಂ ಬರೋಕ್ಕಿಂತ ಮುಂಚೆ ಇರಾನನ್ನ ಆಳ್ತಿದ್ದ ಸಸಾನಿಯರ ಕಾಲದ ಭಾಷೆಗೆ ಮಧ್ಯ ಪರ್ಷಿಯನ್ ಅಂತೀವಿ, ಅದ್ರಲ್ಲಿ ಇದು "ದೇವಾನ್", ಅರ್ಥ ದಾಖಲೆಗಳ ಸಂಗ್ರಹ, ದಾಖಲೆ ಇಡೋ ಕಚೇರಿ. ಪಕ್ಕದ ಅರ್ಮೇನಿಯನ್ ಭಾಷೆ ಆಗಲೇ ಇದನ್ನ ಸಾಲ ತಗೊಂಡಿತ್ತು. ಪದವನ್ನ ಬಿಡಿಸಿದ್ರೆ ಮೊದಲ ಭಾಗದಲ್ಲಿ ಕಾಣೋದು ಹಳೇ ಪರ್ಷಿಯನ್ನಿನ "ದಿಪಿ", ಅಂದ್ರೆ ಬರಹ, ಶಾಸನ. ಎರಡನೇ ಭಾಗ "ವಹನ" ಅಂತ ಏನೋ ಇದ್ದು, ಒಟ್ಟು "ಬರಹದ ಮನೆ" ಅಂತ ಅರ್ಥ ಇದ್ದಿರಬೇಕು ಅಂತ ಭಾಷಾಶಾಸ್ತ್ರಜ್ಞರ ಊಹೆ, ಈ ಪೂರ್ತಿ ರೂಪ ಯಾವ ಕಲ್ಲಿನ ಮೇಲೂ ಸಿಕ್ಕಿಲ್ಲ, ಹಿಂದಕ್ಕೆ ಲೆಕ್ಕ ಹಾಕಿ ಕಟ್ಟಿರೋದು. ಆದ್ರೆ ದಿಪಿ ಅನ್ನೋದು ಗಟ್ಟಿಯಾಗಿ ಇದೆ. ಕ್ರಿಸ್ತಪೂರ್ವ 520ರ ಸುಮಾರಿಗೆ ದಾರಿಯಸ್ ದೊರೆ ಬೆಹಿಸ್ತೂನ್ ಬೆಟ್ಟದ ಮೇಲೆ ಮೂರು ಭಾಷೆಯಲ್ಲಿ ಕೆತ್ತಿಸಿದ ಶಾಸನದಲ್ಲಿ, ಈ ದಿಪಿಯನ್ನ ಯಾರೂ ಹಾಳು ಮಾಡಬೇಡಿ ಅಂತ ಅವನೇ ಹೇಳ್ತಾನೆ. (ನಮ್ಮ ಶಾಸನಗಳ ಕೊನೇಲಿ ಬರೋ ಶಾಪದ ಸಾಲುಗಳನ್ನ ಓದಿದವರಿಗೆ ಇದು ಹೊಸದೇನಲ್ಲ, ಕಲ್ಲಿನ ಮೇಲೆ ಬರೆಸಿದವರಿಗೆಲ್ಲ ಒಂದೇ ಭಯ.)

ದಿಪಿನೂ ಪರ್ಷಿಯನ್ನರ ಸ್ವಂತದ್ದಲ್ಲ. ಅವರು ಅದನ್ನ ಪಕ್ಕದ ಏಲಮೈಟರಿಂದ ತಗೊಂಡ್ರು, ಅವರದು "ತುಪ್ಪಿ", ಅವರು ತಗೊಂಡಿದ್ದು ಬ್ಯಾಬಿಲೋನ್ ಕಡೆಯ ಅಕ್ಕಾಡಿಯನ್ನಿನ "ತುಪ್ಪು", ಅದು ಬಂದಿದ್ದು ಇನ್ನೂ ಹಳೇ ಸುಮೇರಿಯನ್ನಿನ "ದುಬ್" ಅನ್ನೋದ್ರಿಂದ. ದುಬ್ ಅಂದ್ರೆ ಜೇಡಿಮಣ್ಣಿನ ಹಲಗೆ. ಹಸಿ ಮಣ್ಣನ್ನ ಅಂಗೈ ಅಗಲಕ್ಕೆ ತಟ್ಟಿ, ಜೊಂಡಿನ ಕಡ್ಡಿಯಿಂದ ಒತ್ತಿ ಒತ್ತಿ ಬರೆದು ಒಣಗಿಸೋದು, ನಮ್ಮ ಕಡೆ ಮಕ್ಕಳು ಅಕ್ಕಿ ಮೇಲೆ ಬೆರಳಲ್ಲಿ ತಿದ್ದಿದ ಹಾಗೆ ಅವರ ಮಕ್ಕಳು ಮಣ್ಣಿನ ಮೇಲೆ ತಿದ್ದುತಿದ್ರು. ಸುಮೇರಿಯನ್ನಿನಲ್ಲಿ ಶಾಲೆಗೆ "ಎ-ದುಬ್ಬಾ" ಅಂತಾರೆ, ಮಣ್ಣಿನ ಹಲಗೆಯ ಮನೆ. ಮಜಾ ನೋಡಿ, ಇವತ್ತಿನ ಇರಾನಿನಲ್ಲಿ ಪ್ರೈಮರಿ ಸ್ಕೂಲಿಗೆ ದಬೆಸ್ತಾನ್, ಹೈಸ್ಕೂಲಿಗೆ ದಬೀರೆಸ್ತಾನ್ ಅಂತಾರೆ, ಅದ್ರೊಳಗಿರೋ "ದಬೀರ್" ಅಂದ್ರೆ ಲಿಪಿಕಾರ, ಕಾರಕೂನ, ಅದೂ ಇದೇ ದಿಪಿಯ ಸಂತಾನ. ನಾಲ್ಕು ಸಾವಿರ ವರ್ಷ ಆದ್ರೂ ಮಕ್ಕಳು ಅದೇ ಮಣ್ಣಿನ ಹಲಗೆಯ ಮನೆಗೆ ಬ್ಯಾಗ್ ಹಾಕ್ಕೊಂಡು ಹೋಗ್ತಾ ಇದ್ದಾರೆ.

ಪರ್ಷಿಯನ್ನರು ಯಾಕೆ ಏಲಮೈಟರ ಪದ ತಗೊಂಡ್ರು ಅಂತ ಕೇಳಬಹುದು. ಉತ್ತರ ಇರಾನಿನ ಪರ್ಸೆಪೊಲಿಸ್‌ನಲ್ಲಿ, ಆ ಹಳೇ ಪರ್ಷಿಯನ್ ರಾಜರ ರಾಜಧಾನಿಯಲ್ಲಿ ಸಿಕ್ಕಿದೆ. 1933-34ರಲ್ಲಿ ಅಲ್ಲಿನ ಕೋಟೆಗೋಡೆಯ ಹತ್ರ ಅಗೆದಾಗ ಸಾವಿರಾರು ಮಣ್ಣಿನ ಹಲಗೆ ಸಿಕ್ಕಿದ್ವು, ಕ್ರಿಸ್ತಪೂರ್ವ 509ರಿಂದ 493ರವರೆಗಿನವು, ಅದೂ ದಾರಿಯಸ್‌ನ ಕಾಲಾನೇ. ಯುದ್ಧದ ವರ್ಣನೆ ಇರಬಹುದು ಅಂತ ಆಸೆಯಿಂದ ಓದಿದ್ರೆ ಪೂರ್ತಿ ರೇಷನ್ ಲೆಕ್ಕ! ಇಂಥ ಕೂಲಿಯವರಿಗೆ ಇಷ್ಟು ಬಾರ್ಲಿ, ಇಂಥ ಪ್ರಯಾಣಿಕರಿಗೆ ಇಷ್ಟು ಹಿಟ್ಟು, ಇಷ್ಟು ದ್ರಾಕ್ಷಾರಸ. ಎಲ್ಲ ಹೆಚ್ಚುಕಮ್ಮಿ ಏಲಮೈಟ್ ಭಾಷೆಯಲ್ಲೇ ಇದೆ. ರಾಜರು ಪರ್ಷಿಯನ್ನರು, ಲೆಕ್ಕ ಬರೆಯೋರು ಏಲಮೈಟ್ ಕಲಿತವರು, ಹಾಗಾಗಿ ಲೆಕ್ಕದ ಜೊತೆ ಲೆಕ್ಕದ ಪದಾನೂ ಬಂತು. ಇದನ್ನ ನೆನಪಲ್ಲಿಟ್ಟುಕೊಳ್ಳಿ, ರಾಜ ಬದಲಾದ ತಕ್ಷಣ ಕಚೇರಿ ಭಾಷೆ ಬದಲಾಗಲ್ಲ, ಇದೇ ನಾಟಕ ಇನ್ನೆರಡು ಸಲ ಬರುತ್ತೆ.

ಮೊದಲನೇ ಸಲ ಅರಬರ ಹತ್ರ. ಏಳನೇ ಶತಮಾನದಲ್ಲಿ ಅರಬರು ಸಸಾನಿಯರನ್ನ ಸೋಲಿಸಿದ್ರು, ದುಡ್ಡು ಹೊಳೆಯಾಗಿ ಮದೀನಾಕ್ಕೆ ಬರೋಕೆ ಶುರುವಾಯ್ತು. ಅರಬ್ ಇತಿಹಾಸಕಾರರು ಹೇಳೋ ಒಂದು ಪ್ರಸಂಗ ನಂಗೆ ಬಹಳ ಇಷ್ಟ. ಅಬೂ ಹುರೈರಾ ಅನ್ನೋರು ಬಹ್ರೈನ್ ಕಡೆಯಿಂದ ಬಂದು ಖಲೀಫಾ ಉಮರ್ ಮುಂದೆ "ಐದು ಲಕ್ಷ ದಿರ್ಹಮ್ ತಂದಿದ್ದೀನಿ" ಅಂದ್ರಂತೆ. ಉಮರ್ ನಂಬಲಿಲ್ಲ, ಏನ್ ಹೇಳ್ತಾ ಇದೀಯ ಅಂತ ಗೊತ್ತಾ ನಿಂಗೆ, ನಿದ್ದೆಗಣ್ಣಲ್ಲಿದೀಯ, ಹೋಗಿ ಮಲಗಿ ಬೆಳಿಗ್ಗೆ ಬಾ ಅಂದ್ರಂತೆ. ಬೆಳಿಗ್ಗೆ ಬಂದಾಗಲೂ ಐದೇ ಲಕ್ಷ. ಈಗ ಇದನ್ನ ಹಂಚೋದು ಹೇಗೆ, ಎಣಿಸಿಯಾ, ಅಳೆದಾ ಅಂತ ಯೋಚನೆ ಆದಾಗ, ಆ ಕಡೆಯವರು ದೀವಾನ್ ಅಂತ ಇಡೋದನ್ನ ನೋಡಿದ್ದೀನಿ, ನಾವೂ ಇಡೋಣ ಅಂತ ಒಬ್ಬರು ಸಲಹೆ ಕೊಟ್ರು. ಸುಮಾರು 641ರಲ್ಲಿ, ಹಿಜರಿ 20ರಲ್ಲಿ, ಆ ಮೊದಲ ದೀವಾನ್ ತಯಾರಾಯ್ತು: ಯಾರ್ಯಾರಿಗೆ ವರ್ಷಕ್ಕೆ ಎಷ್ಟೆಷ್ಟು ಅಂತ ಹೆಸರಿನ ಪಟ್ಟಿ. ಪ್ರವಾದಿಯವರ ಮನೆತನದವರು ಮೊದಲು, ಬದ್ರ್ ಯುದ್ಧದಲ್ಲಿ ಹೋರಾಡಿದವರಿಗೆ 5,000 ದಿರ್ಹಮ್, ಹಂಗೆ ಕೆಳಗಿಳೀತಾ ಹೋಗುತ್ತೆ. ಅಂದ್ರೆ ಅರಬ್ಬಿಯಲ್ಲಿ ದೀವಾನ್‌ನ ಮೊದಲ ಅರ್ಥ ಪೇ-ರೋಲ್ ಅನ್ನಿ. ಪುಸ್ತಕದ ಹೆಸರು ಪುಸ್ತಕ ಇಟ್ಟ ಕಚೇರಿಗೆ ಹತ್ತಿತು, ಅಬ್ಬಾಸಿ ಖಲೀಫರ ಬಾಗ್ದಾದಿನಲ್ಲಿ ಕಂದಾಯಕ್ಕೊಂದು ದೀವಾನ್, ಸೈನ್ಯಕ್ಕೊಂದು, ಪತ್ರವ್ಯವಹಾರಕ್ಕೊಂದು, ಟಪಾಲಿಗೊಂದು ಅಂತ ಪೂರ್ತಿ ಸೆಕ್ರೆಟೇರಿಯಟ್ಟೇ ಬೆಳೀತು.

ಅರಬ್ಬಿ ಈ ಪದವನ್ನ ಎಷ್ಟು ಒಳಗೆ ಬಿಟ್ಟುಕೊಂಡಿತು ಅಂದ್ರೆ ಅದಕ್ಕೆ ತನ್ನದೇ ಬಹುವಚನ "ದವಾವೀನ್" ಮಾಡ್ಕೊಂಡಿತು, ಅದ್ರಿಂದ ಕ್ರಿಯಾಪದ ಹುಟ್ಟಿಸಿತು, ದವ್ವನ ಅಂದ್ರೆ ಬರೆದಿಡು, ತದ್ವೀನ್ ಅಂದ್ರೆ ಸಂಕಲನ. ಅದಕ್ಕೇ ಎಷ್ಟೋ ಜನ ಹಳೇ ಪಂಡಿತರು ಇದು ಅಚ್ಚ ಅರಬ್ಬಿ ಪದ ಅಂತಾನೇ ವಾದ ಮಾಡಿದ್ದಾರೆ.

ಆದ್ರೆ ಇರಾಕಿನ ಕಂದಾಯದ ದೀವಾನ್ ಒಳಗೆ ಇನ್ನೂ ಅರವತ್ತು ವರ್ಷದ ಹತ್ರ ಲೆಕ್ಕ ಎಲ್ಲ ಪರ್ಷಿಯನ್ನಿನಲ್ಲೇ ನಡೀತಿತ್ತು, ಸಿರಿಯಾದಲ್ಲಿ ಗ್ರೀಕಿನಲ್ಲಿ. ಗೆದ್ದವರು ಅರಬರು, ಖಾತೆ ಪುಸ್ತಕ ಸೋತವರ ಕೈಲಿ. ಏಳನೇ ಶತಮಾನ ಮುಗಿಯೋ ಹೊತ್ತಿಗೆ ಇರಾಕಿನ ಗವರ್ನರ್ ಅಲ್-ಹಜ್ಜಾಜ್ ಇದನ್ನ ಬದಲಾಯಿಸಿದ. ಕೆಲಸಕ್ಕೆ ಸಿಕ್ಕಿದ್ದು ಸಾಲಿಹ್ ಅನ್ನೋ ಹುಡುಗ, ಸಿಸ್ತಾನದಿಂದ ಸೆರೆ ತಂದ ಕುಟುಂಬದವನು, ಎರಡೂ ಭಾಷೆ ಬಲ್ಲವನು, ಪರ್ಷಿಯನ್ ಮುಖ್ಯ ಗುಮಾಸ್ತನ ಕೈಕೆಳಗೇ ಕಲಿತವನು. ಆ ಮುಖ್ಯ ಗುಮಾಸ್ತನ ಮಗ ಮರ್ದಾನ್‌ಶಾಹ್ ಬಂದು ಸವಾಲು ಹಾಕಿದ: ಹತ್ತನೇ ಒಂದು ಭಾಗ ಇತ್ಯಾದಿ ಲೆಕ್ಕಗಳಿಗೆ ನಮ್ಮ ಪದಗಳಿವೆ, ಅರಬ್ಬಿಯಲ್ಲಿ ಏನ್ ಬರೀತೀಯ? ಸಾಲಿಹ್ ಅಲ್ಲೇ ಹೇಳಿದ, ಉಶ್ರ್ ಅಂತೀನಿ, ಅರ್ಧ ಉಶ್ರ್ ಅಂತೀನಿ. ಹೆದರಿದ ಪರ್ಷಿಯನ್ ಗುಮಾಸ್ತರು ಒಂದು ಲಕ್ಷ ದಿರ್ಹಮ್ ಕೊಡ್ತೀವಿ, ನನ್ನ ಕೈಲಿ ಆಗಲ್ಲ ಅಂತ ಹೇಳಿಬಿಡು ಅಂದ್ರಂತೆ, ಇವನು ಒಪ್ಪಲಿಲ್ಲ. ಆಗ ಮರ್ದಾನ್‌ಶಾಹ್, ನೀನು ಪರ್ಷಿಯನ್ನಿನ ಬೇರು ಕಿತ್ತ ಹಾಗೆ ದೇವರು ಈ ಲೋಕದಿಂದ ನಿನ್ನ ಬೇರು ಕೀಳಲಿ ಅಂತ ಶಾಪ ಹಾಕಿದ ಅಂತ ಒಂಬತ್ತನೇ ಶತಮಾನದ ಇತಿಹಾಸಕಾರ ಬಲಾಝುರಿ ಬರೆದಿದ್ದಾನೆ. ಲೆಕ್ಕದ ಭಾಷೆ ಬದಲಾದ್ರೆ ಎಷ್ಟು ಮನೆಗಳ ಒಲೆ ಆರುತ್ತೆ ಅನ್ನೋದು ಆ ಶಾಪದಲ್ಲಿದೆ. ಭಾಷೆ ಹೋಯ್ತು, ಕಚೇರಿಯ ಬೋರ್ಡಿನ ಮೇಲಿನ ಪರ್ಷಿಯನ್ ಹೆಸರು ಮಾತ್ರ ಉಳೀತು ನೋಡಿ!

ಕವಿಗಳ ಕಡೆಗೆ ಬರೋಣ. ದೀವಾನ್ ಅಂದ್ರೆ ದಾಖಲೆ ಪುಸ್ತಕ ಅಂತ ಆದ ಮೇಲೆ, ಕವಿತೆ ಅರಬರ ದೀವಾನ್ ಅನ್ನೋ ಮಾತು ಹುಟ್ಟಿತು, ಅಂದ್ರೆ ಅವರ ವಂಶ, ಜಗಳ, ನೆನಪು ಎಲ್ಲ ದಾಖಲಾಗಿರೋದು ಕವಿತೆಯಲ್ಲೇ ಅಂತ. ಅಲ್ಲಿಂದ ಒಬ್ಬ ಕವಿಯ ಒಟ್ಟು ಕವನಗಳ ಪುಸ್ತಕಕ್ಕೆ ದೀವಾನ್ ಅಂತ ಹೆಸರಾಯ್ತು. ಇದು ಬರೀ ಹೆಸರಲ್ಲ, ಪುಸ್ತಕದ ಜೋಡಣೆ ಕೂಡ ರಿಜಿಸ್ಟರ್ ಥರಾನೇ ಇರುತ್ತೆ. ಪರ್ಷಿಯನ್ ಕವಿ ಹಾಫಿಜ್‌ನ ದೀವಾನ್ ಆಗಲಿ 1841ರಲ್ಲಿ ಮೊದಲ ಸಲ ಪ್ರಿಂಟ್ ಆದ ಗಾಲಿಬ್‌ನ ಉರ್ದು ದೀವಾನ್ ಆಗಲಿ, ಗಜಲ್‌ಗಳನ್ನ ಬರೆದ ವರ್ಷದ ಪ್ರಕಾರ ಇಡಲ್ಲ, ವಿಷಯದ ಪ್ರಕಾರಾನೂ ಇಡಲ್ಲ, ಸಾಲಿನ ಕೊನೇಲಿ ಬರೋ ಅಕ್ಷರದ ಪ್ರಕಾರ, ಅಲಿಫ್‌ನಲ್ಲಿ ಮುಗಿಯೋವು ಮೊದಲು, ಆಮೇಲೆ ಬೇ, ಹಂಗೇ ಯೇ ತನಕ. ಹೊಸದಾಗಿ ಓದೋರಿಗೆ ಹತ್ತೊಂಬತ್ತರ ವಯಸ್ಸಿನ ಗಜಲ್ ಪಕ್ಕ ಮುದಿ ವಯಸ್ಸಿನದು ಕೂತಿರೋದು ವಿಚಿತ್ರ ಅನ್ಸುತ್ತೆ. ಪ್ರೇಮದ ಸಂಕಟಾನೂ ಫೈಲ್ ಮಾಡಿ ಇಡೋ ಕ್ರಮ ಇದು. ಜರ್ಮನ್ ಕವಿ ಗಯಟೆ ಹಾಫಿಜ್‌ನನ್ನ ಅನುವಾದದಲ್ಲಿ ಓದಿ ಮರುಳಾಗಿ 1819ರಲ್ಲಿ ತನ್ನ ಸಂಕಲನಕ್ಕೂ ದಿವಾನ್ ಅಂತಾನೇ ಹೆಸರಿಟ್ಟ.

ಇನ್ನು ನಿಮ್ಮ ಹಾಲಿನ ದಿವಾನ್ ಕಾಟ್. ಇದು ಬಂದಿದ್ದು ತುರ್ಕಿಯ ದಾರಿಯಲ್ಲಿ. ಆಟೊಮನ್ ಸುಲ್ತಾನರ ಮಂತ್ರಿಮಂಡಲಕ್ಕೆ ದಿವಾನ್ ಅಂತ ಹೆಸರು, ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಅದು ಸೇರ್ತಿದ್ದ ಕೋಣೆ ಇವತ್ತಿಗೂ ಇದೆ, ಗೋಡೆಯಲ್ಲಿ ಮೇಲೆ ಒಂದು ಜಾಲರಿ ಕಿಟಕಿ, ಅದ್ರ ಹಿಂದೆ ಸುಲ್ತಾನ ಬಂದು ಕೂತು ಕದ್ದು ಕೇಳಿಸ್ಕೊಳ್ಳಬಹುದು, ಕೂತಿದ್ದಾನೋ ಇಲ್ವೋ ಅಂತ ಕೆಳಗಿನವರಿಗೆ ಗೊತ್ತಾಗಲ್ಲ. (ಸಿಸಿಟಿವಿ ಹೊಸದೇನಲ್ಲ.) ಮಂತ್ರಿಗಳು ಕೂರ್ತಿದ್ದಿದ್ದು ಗೋಡೆ ಉದ್ದಕ್ಕೂ ಹಾಕಿದ ತಗ್ಗಿನ ಮೆತ್ತೆ ಆಸನದ ಮೇಲೆ. ಪುಸ್ತಕದಿಂದ ಕಚೇರಿಗೆ, ಕಚೇರಿಯಿಂದ ಸಭೆಗೆ, ಸಭೆಯಿಂದ ಸಭೆ ನಡೆಯೋ ಹಾಲಿಗೆ, ಹಾಲಿಂದ ಹಾಲಲ್ಲಿರೋ ಆಸನಕ್ಕೆ ಹೆಸರು ಜಾರ್ತಾ ಬಂತು, ಯುರೋಪಿನವರು ಆ ಆಸನವನ್ನ ನೋಡಿ ತಮ್ಮ ಮನೆಗೆ ತಗೊಂಡೋದ್ರು, ಕೊನೆಗೆ ಅದು ಇಂಗ್ಲಿಷ್ ಮೂಲಕ ನಮ್ಮ ಫರ್ನಿಚರ್ ಅಂಗಡಿಗೆ ಬಂದು "ಕಾಟ್" ಅನ್ನೋ ಬಾಲ ಅಂಟಿಸ್ಕೊಂಡು ಕೂತಿದೆ. ಮಜಾ ಅಂದ್ರೆ ನಮ್ಮ ಮನೆ ದಿವಾನ್ ಕೆಳಗಿನ ಬಾಕ್ಸಲ್ಲಿ ಇರೋದು ಹಳೇ ಪಹಣಿ, ಕಂದಾಯದ ರಸೀದಿ, ಯಾವ್ದೋ ಕಾಲದ ಪಾಸ್‌ಬುಕ್ಕು. ಹೆಂಡತಿ ಅದನ್ನ ಕಸ ಅಂತಾಳೆ, ನಾನು ಸಸಾನಿಯರ ಕಾಲದ ಮೂಲ ಅರ್ಥ ಅಂತೀನಿ.

ಯುರೋಪಿಗೆ ಇದೇ ಪದ ಇನ್ನೊಂದು ಬಾಗಿಲಿಂದಾನೂ ಹೋಗಿದೆ. ಅರಬ್ ಬಂದರುಗಳಲ್ಲಿ ಸುಂಕ ಕಟ್ಟಿಸ್ಕೊಳ್ಳೋ ಕಚೇರಿನೂ ದೀವಾನೇ, ಮೆಡಿಟರೇನಿಯನ್ ವ್ಯಾಪಾರಿಗಳ ಬಾಯಲ್ಲಿ ಅದು ಇಟಲಿಯಲ್ಲಿ ದೊಗಾನ, ಸ್ಪೇನಿನಲ್ಲಿ ಅದುವಾನ, ಫ್ರಾನ್ಸಲ್ಲಿ ದುವಾನ್ ಆಯ್ತು, ಎಲ್ಲಕ್ಕೂ ಕಸ್ಟಮ್ಸ್ ಅಂತ ಅರ್ಥ. ಪ್ಯಾರಿಸ್ ಏರ್‌ಪೋರ್ಟಲ್ಲಿ ಚಿನ್ನ ತೋರಿಸಿ ಅನ್ನೋರ ಬೋರ್ಡಿನ ಮೇಲಿರೋದೂ ನಮ್ಮ ದಿವಾನರ ಸಂಬಂಧೀಕ.

ಈಗ ವಿಶ್ವೇಶ್ವರಯ್ಯನವರ ಹತ್ರ ಬರೋಣ. ದೆಹಲಿ ಸುಲ್ತಾನರ ಕಾಲದಲ್ಲಿ ದೀವಾನ್ ಅಂದ್ರೆ ಇಲಾಖೆ. ಮೊಗಲರ ಕಾಲಕ್ಕೆ ಅದು ಇಲಾಖೆ ನಡೆಸೋ ಮನುಷ್ಯನ ಹೆಸರೇ ಆಗಿ ಬಲವಾಯ್ತು, ದಿವಾನ್ ಅಂದ್ರೆ ಕಂದಾಯ, ಹಣಕಾಸು ನೋಡ್ಕೊಳ್ಳೋನು. ಪ್ರಾಂತ್ಯದಲ್ಲಿ ಸೈನ್ಯ, ಶಾಂತಿ ಸುಬೇದಾರನ ಕೈಲಿ; ದುಡ್ಡು ದಿವಾನನ ಕೈಲಿ; ಒಬ್ಬರ ಮೇಲೊಬ್ಬರಿಗೆ ಕಣ್ಣು, ಅದು ಬೇಕಂತಲೇ ಮಾಡಿದ ವ್ಯವಸ್ಥೆ. 1765ರ ಆಗಸ್ಟ್ 12ರಂದು ಬಾದಶಾಹ ಎರಡನೇ ಶಾ ಆಲಂ ಬಂಗಾಳ, ಬಿಹಾರ, ಒರಿಸ್ಸಾದ "ದಿವಾನಿ"ಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ, ಪ್ರತಿಯಾಗಿ ವರ್ಷಕ್ಕೆ 26 ಲಕ್ಷ ರೂಪಾಯಿ. ಕಾಗದದ ಮೇಲೆ ಕಂಪನಿ ಬಾದಶಾಹನ ಲೆಕ್ಕ ಬರೆಯೋ ದಿವಾನ ಆಯ್ತು ಅಷ್ಟೆ, ಮುಂದೆ ಏನಾಯ್ತು ಅಂತ ನಿಮಗೆ ಗೊತ್ತು. ಆಸ್ತಿ, ಹಣದ ವ್ಯಾಜ್ಯ ದಿವಾನನ ಕಡೆ ಬರ್ತಿದ್ದರಿಂದ ಸಿವಿಲ್ ಕೇಸಿಗೆ ದಿವಾಣಿ, ಕ್ರಿಮಿನಲ್‌ಗೆ ಫೌಜದಾರಿ ಅಂತ ಹೆಸರು ಬಂತು. ಬೆಳಗಾವಿ, ಧಾರವಾಡ ಕಡೆಯ ಹಿರಿಯರಿಗೆ ದಿವಾಣಿ ದಾವೆ ಅಂದ್ರೆ ಅರ್ಥ ಮಾಡಿಸಬೇಕಿಲ್ಲ, ವಾಡೆಯ ಮುಂದಿನ ದೊಡ್ಡ ಹಾಲಿಗೆ ದಿವಾಣಖಾನೆ ಅನ್ನೋದೂ ಅವರಿಗೆ ಗೊತ್ತು.

ದೇಶೀ ಸಂಸ್ಥಾನಗಳು ಹಣಕಾಸಿನ ಈ ಅಧಿಕಾರಿಯನ್ನೇ ಮೇಲೇರಿಸಿ ಪ್ರಧಾನಮಂತ್ರಿ ಮಾಡ್ಕೊಂಡ್ವು. ಮೈಸೂರಲ್ಲಿ 1799ರಲ್ಲಿ ಪೂರ್ಣಯ್ಯನವರು, 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗ ರಂಗಾಚಾರ್ಲು, ಆಮೇಲೆ ಹದಿನೆಂಟು ವರ್ಷ ಶೇಷಾದ್ರಿ ಅಯ್ಯರ್, 1912ರಿಂದ 1918ರವರೆಗೆ ವಿಶ್ವೇಶ್ವರಯ್ಯ, 1926ರಿಂದ 1941ರವರೆಗೆ ಮಿರ್ಜಾ ಇಸ್ಮಾಯಿಲ್. ಮಗಳ ಪ್ರಾಜೆಕ್ಟಿಗೆ ಈ ಸಾಲು ಸಾಕು: ಲೆಕ್ಕದ ಪುಸ್ತಕದ ಹೆಸರು ಲೆಕ್ಕ ನೋಡೋ ದೊಡ್ಡವರಿಗೆ ಬಂತು, ಅದೇ ಹೆಸರು ದೊಡ್ಡವರು ಕೂರೋ ಮೆತ್ತೆಗೂ ಬಂತು.

ಇನ್ನೊಂದು ಸಲ ನಾಟಕ ಬರುತ್ತೆ ಅಂದಿದ್ನಲ್ಲ, ಅದು ನಮ್ಮ ವಿಜಯಪುರದಲ್ಲೇ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾದಾಗಿನಿಂದ ಈ ಕಡೆ ದರ್ಬಾರಿನ ಕಾಗದಪತ್ರ ಪರ್ಷಿಯನ್ನಿನಲ್ಲಿ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೇ ಇಬ್ರಾಹಿಂ ಆದಿಲ್ ಶಾ ಲೆಕ್ಕಪತ್ರವನ್ನ ಪರ್ಷಿಯನ್ ಬಿಡಿಸಿ ದೇಶಭಾಷೆಗೆ ತಂದ, ಅದನ್ನ ಬ್ರಾಹ್ಮಣರ ಕೈಗೆ ಕೊಟ್ಟ ಅಂತ ಆಮೇಲೆ ಅದೇ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹಜ್ಜಾಜ್ ಇರಾಕಲ್ಲಿ ಮಾಡಿದ್ದನ್ನ ಇವನು ಇಲ್ಲಿ ಮಾಡಿದ. ಇಲ್ಲೂ ಭಾಷೆ ಹೋಯ್ತು, ಪದಗಳು ಉಳಿದ್ವು, ದಫ್ತರ, ಶಿರಸ್ತೇದಾರ, ಜಮಾಬಂದಿ ಎಲ್ಲ ಹಂಗೇ ಇವೆ.

ಕೊನೇದಾಗಿ ನೀವು ಕೇಳದೇ ಇರೋ ಒಂದು ವಿಷಯ. ಇಷ್ಟೊತ್ತು ದಿಪಿ ದಿಪಿ ಅಂತ ಬರೆದ್ನಲ್ಲ, ನಿಮಗೆ ಯಾವ್ದೂ ಕನ್ನಡ ಪದ ನೆನಪಾಗ್ಲಿಲ್ವಾ? "ಲಿಪಿ"! ಸಂಸ್ಕೃತ ವ್ಯಾಕರಣದವರು ಇದನ್ನ ಲಿಪ್, ಅಂದ್ರೆ ಬಳಿ, ಲೇಪಿಸು ಅನ್ನೋ ಧಾತುವಿಂದ ಬಿಡಿಸ್ತಾರೆ, ಆದ್ರೆ ಇದು ಪರ್ಷಿಯನ್ನರ ದಿಪಿಯೇ ಇಲ್ಲಿ ಬಂದು ಆ ಧಾತುವಿನ ಸಹವಾಸದಿಂದ ಲಿಪಿ ಆಗಿರೋದು ಅಂತ ಈಗಿನ ಬಹುತೇಕ ವಿದ್ವಾಂಸರು ಒಪ್ತಾರೆ, ನನಗೂ ಅದೇ ಸರಿ ಅನ್ಸುತ್ತೆ. ಸಾಕ್ಷಿ ಕೊಟ್ಟಿರೋನು ಅಶೋಕ. ಪರ್ಷಿಯನ್ನರು ಹಿಂದೆ ಆಳಿದ್ದ ವಾಯವ್ಯದಲ್ಲಿ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿ ಅವನು ತನ್ನ ಶಾಸನಕ್ಕೆ "ಧ್ರಮದಿಪಿ" ಅಂತಾನೆ, ಬೇರೆ ಕಡೆ "ಧಂಮಲಿಪಿ" ಅಂತಾನೆ. ಅಂದ್ರೆ ದಿವಾನ್‌ನ ಮೊದಲ ಅರ್ಧ ಮತ್ತು ನಾವು ಒಂದನೇ ಕ್ಲಾಸಲ್ಲಿ ಕಲಿತ ಲಿಪಿ ಒಂದೇ ತಾಯಿ ಮಕ್ಕಳು.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಮಗಳನ್ನ ಒಂದಿನ ಕರ್ಕೊಂಡು ಹೋಗಿ. ಅಲ್ಲಿನ ಅಶೋಕನ ಶಾಸನವನ್ನ ಬರೆದವನು ಚಪಡ ಅನ್ನೋ ಲಿಪಿಕಾರ, ಸುತ್ತಲಿನ ಇನ್ನೆರಡು ಕಲ್ಲುಗಳ ಮೇಲೂ ಅವನದೇ ಕೈ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಕೊನೇಲಿ ಚಪಡ ಬರೆದದ್ದು ಅಂತ ಸಹಿ ಹಾಕಿ, "ಲಿಪಿಕರೇಣ" ಅನ್ನೋ ಒಂದೇ ಒಂದು ಪದವನ್ನ ಮಾತ್ರ ಖರೋಷ್ಠಿಯಲ್ಲಿ, ವಾಯವ್ಯದ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಇಲ್ಲಿ ಯಾರಿಗೂ ಅದು ಓದೋಕೆ ಬರ್ತಿರಲಿಲ್ಲ, ಅವನಿಗೂ ಅದು ಗೊತ್ತಿತ್ತು.